ಹಂಗಾರಕಟ್ಟೆಯಲ್ಲಿ ಮೂರು ರಾತ್ರಿ

ಬೆಂಗಳೂರಿನಲ್ಲಿ ಹೋಟೆಲು ನಡೆಸುತ್ತಿರುವ ನಮ್ಮ ಕಡೆಯ ಹಿರಿಯರೊಬ್ಬರು ಒಮ್ಮೆ ಒಂದು ಪ್ರಶ್ನೆ ಮುಂದಿಟ್ಟರು. ಅವರ ಮಗಳು, ಅಳಿಯ ಇಟಲಿಯ ಸರೋವರಗಳ ದಂಡೆಯಲ್ಲಿ ಹತ್ತು ದಿನ ಇದ್ದು ಬಂದಿದ್ದರಂತೆ. ಬಂದವರ ಮುಖದಲ್ಲಿ ಎಂಥದೋ ತಿಳಿ ಇತ್ತಂತೆ. "ನಾವೂ ವರ್ಷಕ್ಕೆ ಎರಡು ಸಲ ರಜೆ ಮಾಡಿ ಊರಿಗೆ ಬರ್ತೇವೆ ಮಾರಾಯ್ರೆ. ಬರುವಾಗ ಇದ್ದ ಸುಸ್ತು ಹೋಗುವಾಗ ಎರಡು ಪಾಲು ಆಗಿರ್ತದೆ. ಇದು ಯಾಕೆ?"

ಪ್ರಶ್ನೆ ತಮಾಷೆಯದಲ್ಲ. ಕುಂದಾಪುರ, ಬ್ರಹ್ಮಾವರ, ಬೈಂದೂರಿನಿಂದ ಹೊರಗೆ ದುಡಿಯಲು ಹೋದ ಸಾವಿರಾರು ಕುಟುಂಬಗಳ ಅನುಭವ ಇದೇ. ಊರಿಗೆ ಬಂದ ನಾಲ್ಕು ದಿನದಲ್ಲಿ ಒಂದು ಮದುವೆ, ಒಂದು ಗೃಹಪ್ರವೇಶ, ಮಂದಾರ್ತಿಯಲ್ಲಿ ಒಂದು ಸೇವೆ, ಕೊಲ್ಲೂರು, ಉಡುಪಿ, ಮಕ್ಕಳ ಹಟಕ್ಕೆ ಮಲ್ಪೆ, ಮುರ್ಡೇಶ್ವರ. ಎಲ್ಲವೂ ಕಾರಿನ ಕಿಟಕಿಯಿಂದ. ಸೇವೆ, ಸಂಬಂಧ ಬಿಡುವಂತಿಲ್ಲ, ಅದು ಸರಿ. ಆದರೆ ಅದನ್ನೇ ವಿಶ್ರಾಂತಿ ಎಂದು ಹೆಸರಿಟ್ಟು ಕರೆದರೆ ದೇಹ ಒಪ್ಪುವುದಿಲ್ಲ. ವಿಶ್ರಾಂತಿಗೂ ಒಂದು ಯೋಜನೆ ಬೇಕು. ಅದಕ್ಕೆ ಇಟಲಿಯ ಸರೋವರವೇ ಆಗಬೇಕೆಂದಿಲ್ಲ, ಹಂಗಾರಕಟ್ಟೆಯ ಅಳಿವೆಯೂ ಸಾಕು. ಹೇಗೆ ಎಂಬುದನ್ನು ನೋಡೋಣ.

ಸರೋವರದ ಗುಟ್ಟು

ಇಟಲಿಯ ಉತ್ತರಕ್ಕೆ, ಆಲ್ಪ್ಸ್ ಪರ್ವತದ ಬುಡದಲ್ಲಿ ಮಜ್ಜೋರೆ, ಕೋಮೊ, ಗಾರ್ಡಾ ಎಂಬ ಮೂರು ದೊಡ್ಡ ಸರೋವರಗಳಿವೆ. ಹಿಮಯುಗದಲ್ಲಿ ಬೆಟ್ಟದಿಂದ ಜಾರಿದ ಹಿಮನದಿಗಳು ಕೊರೆದ ಕಣಿವೆಗಳಲ್ಲಿ ನೀರು ನಿಂತು ಆದವು ಇವು. ಗಾರ್ಡಾ ಇಟಲಿಯಲ್ಲೇ ಅತಿ ದೊಡ್ಡದು, ಸುಮಾರು 370 ಚದರ ಕಿಲೋಮೀಟರು. ಕೋಮೊ ಅದರ ಅರ್ಧಕ್ಕಿಂತ ಕಿರಿದು, ಆದರೆ ಆಳ 400 ಮೀಟರಿಗೂ ಹೆಚ್ಚು.

ಈ ದಂಡೆಗಳಲ್ಲಿ ವಿಶ್ರಮಿಸುವ ರೂಢಿ ಹೊಸದಲ್ಲ. ಕೋಮೊ ಊರಿನವನೇ ಆದ ಕಿರಿಯ ಪ್ಲಿನಿ ಎಂಬ ರೋಮನ್ ಗಣ್ಯ, ಸುಮಾರು 1900 ವರ್ಷಗಳ ಹಿಂದೆ ತನ್ನ ಪತ್ರವೊಂದರಲ್ಲಿ ಅಲ್ಲಿಯ ತನ್ನ ಎರಡು ಮನೆಗಳ ವಿಷಯ ಬರೆದಿದ್ದಾನೆ. ಬಂಡೆಯ ಮೇಲೆ ಎತ್ತರದಲ್ಲಿದ್ದ ಮನೆಗೆ 'ದುರಂತ ನಾಟಕ' ಎಂದೂ, ನೀರಿಗೆ ತಾಗಿ ತಗ್ಗಿನಲ್ಲಿದ್ದ ಮನೆಗೆ 'ಹಾಸ್ಯ ನಾಟಕ' ಎಂದೂ ಹೆಸರಿಟ್ಟಿದ್ದ. ಆ ಕಾಲದ ರಂಗಭೂಮಿಯಲ್ಲಿ ಗಂಭೀರ ಪಾತ್ರಧಾರಿ ಎತ್ತರದ ಪಾದರಕ್ಷೆಯನ್ನೂ, ಹಾಸ್ಯಗಾರ ಚಪ್ಪಟೆಯದನ್ನೂ ತೊಡುತ್ತಿದ್ದುದರಿಂದ ಬಂದ ಹೆಸರುಗಳು ಅವು. ಮೇಲಿನ ಮನೆಯಿಂದ ಮೀನುಗಾರರನ್ನು ನೋಡಬಹುದು, ಕೆಳಗಿನ ಮನೆಯಲ್ಲಿ ಮಲಗಿದಲ್ಲಿಂದಲೇ ಗಾಳ ಹಾಕಬಹುದು ಎಂಬುದು ಅವನ ಸಂತೋಷ.

ಇಂದು ಹೋಗುವ ಪ್ರವಾಸಿಯೂ ಹೆಚ್ಚು ಕಡಿಮೆ ಇದನ್ನೇ ಮಾಡುತ್ತಾನೆ. ದಂಡೆಯ ಒಂದು ಊರಿನಲ್ಲಿ ಬಿಡಾರ ಹೂಡುತ್ತಾನೆ. ದಿನವೂ ಗಂಟುಮೂಟೆ ಕಟ್ಟುವುದಿಲ್ಲ. ಆಚೆ ಊರಿಗೆ ಹೋಗಬೇಕಾದರೆ ಕಾರಿನ ಬದಲು ದೋಣಿ ಹತ್ತುತ್ತಾನೆ. 1826ರಿಂದಲೇ ಆ ನೀರಿನ ಮೇಲೆ ಉಗಿದೋಣಿಗಳು ಓಡುತ್ತಿದ್ದವು, ಇಂದಿಗೂ ಸಾರ್ವಜನಿಕ ದೋಣಿಗಳ ವೇಳಾಪಟ್ಟಿ ಅಲ್ಲಿ ನಮ್ಮ ಬಸ್ಸಿನ ವೇಳಾಪಟ್ಟಿಯಷ್ಟೇ ಸಾಮಾನ್ಯ. ಕೋಮೊದಲ್ಲಿ ಬೆಳಿಗ್ಗೆ ಬಡಗಣಿಂದ ಬೀಸುವ ಗಾಳಿಗೆ ತಿವಾನೊ ಎಂದೂ ಮಧ್ಯಾಹ್ನ ತೆಂಕಣಿಂದ ಬೀಸುವುದಕ್ಕೆ ಬ್ರೇವ ಎಂದೂ ಹೆಸರು. ಹಾಯಿ ಕಟ್ಟುವವರ ದಿನಚರಿ ಆ ಎರಡು ಗಾಳಿಗಳನ್ನು ಹೊಂದಿಕೊಂಡಿರುತ್ತದೆ.

ಹೀಗೆ ಗುಟ್ಟು ಮೂರೇ. ಒಂದೇ ಕಡೆ ಇರುವುದು, ನೀರಿನ ಮೇಲೆ ಹೋಗುವುದು, ಗಡಿಯಾರವನ್ನು ಗಾಳಿ ನೀರುಗಳಿಗೆ ಒಪ್ಪಿಸುವುದು. ಈ ಮೂರಕ್ಕೂ ವೀಸಾ ಬೇಡ.

ನಿಲ್ಲದೆ ಹೋದರೆ ದಂಡ

ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಬ್ರಹ್ಮಾವರ ದಾಟಿದ ಮೇಲೆ ಮಾಬುಕಳ ಸೇತುವೆ ಸಿಗುತ್ತದೆ. ಕೆಳಗೆ ಹರಿಯುವುದು ಸೀತಾನದಿ. ಸೇತುವೆ ದಾಟಿ ಪಡುವಣಕ್ಕೆ ತಿರುಗಿ ಒಂದೆರಡು ಮೈಲು ಹೋದರೆ ಹಂಗಾರಕಟ್ಟೆ. ಮೂಡಣಕ್ಕೆ ತುಸು ದೂರದಲ್ಲಿ, ಅದೇ ನದಿಯ ಬದಿಯಲ್ಲಿ ಬಾರ್ಕೂರು. ಹಿಂದಿನ ಆಳುಪರ ರಾಜಧಾನಿ, ಮುಂದೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. ಬಾರ್ಕೂರಿನ ವೈಭವಕ್ಕೆ ಕಡಲ ಬಾಗಿಲು ಈ ಅಳಿವೆ.

1342ರ ಸುಮಾರಿಗೆ ದೆಹಲಿಯಿಂದ ಚೀನಕ್ಕೆ ದೂತನಾಗಿ ಹೊರಟ ಮೊರಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ನಮ್ಮ ಕರಾವಳಿಯಲ್ಲಿ ಹೊನ್ನಾವರ, ಮಂಗಳೂರುಗಳ ನಡುವೆ 'ಫಾಕನೂರ್' ಎಂಬ ಪಟ್ಟಣದಲ್ಲಿ ಇಳಿದ. ಇದು ಬಾರ್ಕೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹಿನ್ನೀರಿನ ದಂಡೆಯ ದೊಡ್ಡ ಊರು, ಇಲ್ಲಿಯ ಕಬ್ಬಿಗೆ ಸಾಟಿಯಿಲ್ಲ ಎಂದು ಹೊಗಳಿದ್ದಾನೆ. ಅದಕ್ಕಿಂತ ಸ್ವಾರಸ್ಯ ಅವನು ಹೇಳುವ ಒಂದು ಪದ್ಧತಿ. ಈ ಕರಾವಳಿಯಲ್ಲಿ ಪಟ್ಟಣವೊಂದನ್ನು ಹಾದುಹೋಗುವ ಹಡಗು ಅಲ್ಲಿ ಲಂಗರು ಹಾಕಿ ದೊರೆಗೆ ಕಾಣಿಕೆ ಕೊಡಲೇಬೇಕು. ಅದಕ್ಕೆ 'ಬಂದರಿನ ಹಕ್ಕು' ಎಂದು ಹೆಸರು. ನಿಲ್ಲದೆ ಹೋದವರನ್ನು ದೋಣಿಗಳಲ್ಲಿ ಬೆನ್ನಟ್ಟಿ ಹಿಡಿದು ತಂದು, ಎರಡು ಪಾಲು ಸುಂಕ ಕಟ್ಟಿಸಿಕೊಂಡು, ಮನಸ್ಸು ಬಂದಷ್ಟು ದಿನ ನಿಲ್ಲಿಸಿಕೊಳ್ಳುತ್ತಿದ್ದರಂತೆ. ಬತೂತನ ತಂಡ ನಿಯಮದಂತೆ ನಿಂತಿತು. ದೊರೆ ಮೂರು ರಾತ್ರಿ ಆದರದಿಂದ ಸತ್ಕರಿಸಿದ.

ಈಗ ಆ ಹಕ್ಕು ಕೇಳುವವರಿಲ್ಲ. ಮಾಬುಕಳ ಸೇತುವೆಯನ್ನು ವಾಹನಗಳು ಅರ್ಧ ನಿಮಿಷದಲ್ಲಿ ದಾಟುತ್ತವೆ. ಕರ್ನಾಟಕದ ಕಿರುಬಂದರುಗಳ ಪಟ್ಟಿಯಲ್ಲಿ ಹಂಗಾರಕಟ್ಟೆಯ ಹೆಸರು ಇಂದಿಗೂ ಇದೆ, ಆದರೆ ಹೆದ್ದಾರಿಯಲ್ಲಿ ಹೋಗುವವರಿಗೆ ಅದು ಒಂದು ಫಲಕ ಮಾತ್ರ. ನಮ್ಮ ಹೋಟೆಲಿನ ಹಿರಿಯರು ಕಟ್ಟುತ್ತಿರುವ ಎರಡು ಪಾಲು ಸುಸ್ತು ಆ ಹಳೆಯ ದಂಡವೇ ಇರಬಹುದೆ?

ಉಸಿರಾಡುವ ನೀರು

ಯೋಜನೆ ಹಾಕುವ ಮೊದಲು ಇಲ್ಲಿಯ ನೀರಿನ ಸ್ವಭಾವ ತಿಳಿದಿರಬೇಕು. ಸೀತಾನದಿ ಆಗುಂಬೆ ಕಡೆಯ ಘಟ್ಟದಲ್ಲಿ ಹುಟ್ಟಿ ಹೆಬ್ರಿ, ಬಾರ್ಕೂರಿನ ಮೇಲೆ ಬರುತ್ತದೆ. ಸ್ವರ್ಣಾನದಿ ಕಾರ್ಕಳದ ಕಡೆಯ ಘಟ್ಟದಿಂದ ಇಳಿದು ಮಣಿಪಾಲದ ಮಗ್ಗುಲಲ್ಲಿ ಹಾದು ಕಲ್ಯಾಣಪುರಕ್ಕಾಗಿ ಬರುತ್ತದೆ. ಎರಡೂ ನೇರವಾಗಿ ಕಡಲಿಗೆ ಬೀಳುವುದಿಲ್ಲ. ಅಡ್ಡಲಾಗಿ ಮರಳಿನ ಒಂದು ಉದ್ದ ಪಟ್ಟಿ ಮಲಗಿದೆ, ಅದೇ ಬೆಂಗ್ರೆ. ಅದರ ಒಂದು ಮಗ್ಗುಲಲ್ಲಿ ಅಬ್ಬರಿಸುವ ಕಡಲು, ಇನ್ನೊಂದು ಮಗ್ಗುಲಲ್ಲಿ ಸದ್ದಿಲ್ಲದ ನದಿ. ಬೆಂಗ್ರೆಯ ತುದಿ ಕೋಡಿಬೆಂಗ್ರೆ. ಅಲ್ಲಿ ಎರಡು ನದಿ, ಒಂದು ಕಡಲು ಸೇರುತ್ತವೆ. ಅದರ ಇದಿರು ದಂಡೆಯೇ ಹಂಗಾರಕಟ್ಟೆ.

ನದಿ ಹೊತ್ತು ತಂದ ಮಣ್ಣು, ಹರಿವು ನಿಧಾನವಾದ ಕಡೆ ತಂಗಿ ದಿಬ್ಬವಾಗುತ್ತದೆ. ಅದರ ಮೇಲೆ ಹುಲ್ಲು, ಆಮೇಲೆ ತೆಂಗು, ಆಮೇಲೆ ಮನೆ. ಇವೇ ನಮ್ಮ 'ಕುದ್ರು'ಗಳು. ಬಾಳೆಕುದ್ರು, ತಿಮ್ಮಣ್ಣಕುದ್ರು, ಪಡುಕುದ್ರು ಎಂಬ ಹೆಸರುಗಳಲ್ಲೇ ಈ ಚರಿತ್ರೆ ಇದೆ. ದಂಡೆಯ ಕೆಸರಿನಲ್ಲಿ ಉಸಿರುಬೇರುಗಳನ್ನು ಮೇಲಕ್ಕೆತ್ತಿ ನಿಂತ ಕಾಂಡ್ಲಾ ಗಿಡಗಳು ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತವೆ, ಮೀನಿನ ಮರಿಗಳಿಗೆ ಮರೆ ಕೊಡುತ್ತವೆ.

ಇಟಲಿಯ ಸರೋವರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೊಂದಿದೆ. ಅಲ್ಲಿ ನೀರು ನಿಂತಿದೆ, ಇಲ್ಲಿ ಉಸಿರಾಡುತ್ತದೆ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಆದ್ದರಿಂದ ಇಂದಿನ ಭರತದ ಹೊತ್ತು ನಾಳೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದಾಗಿ ನೀರಿನ ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಚಿಕ್ಕದು. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಲು ಬಂದರೆ ಅರ್ಧ ಯೋಜನೆ ಮುಗಿಯಿತು. ದೋಣಿಯಲ್ಲಿ ನೆಮ್ಮದಿಯಾಗಿ ತಿರುಗಬೇಕೆನ್ನುವವರು ಅಷ್ಟಮಿಯ ಹತ್ತಿರದ ದಿನಗಳನ್ನು ಆರಿಸಿಕೊಳ್ಳಬಹುದು. ನೀರು ದೂರ ಸರಿದು ಮರಳುದಿಬ್ಬಗಳು ಬೆನ್ನು ತೋರಿಸುವುದನ್ನೂ, ಹೆಂಗಸರು ಮೊಣಕಾಲು ನೀರಿನಲ್ಲಿ ಮರುವಾಯಿ ಹೆಕ್ಕುವುದನ್ನೂ ನೋಡಬೇಕೆನ್ನುವವರಿಗೆ ಹುಣ್ಣಿಮೆ, ಅಮಾವಾಸ್ಯೆ ಒಳ್ಳೆಯದು.

ಗಾಳಿಗೂ ಇಲ್ಲಿ ಕ್ರಮವಿದೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಬೆಳಗಿನ ಜಾವ ನೆಲದಿಂದ ಕಡಲಿಗೆ ತಣ್ಣನೆ ಗಾಳಿ. ಬಿಸಿಲೇರಿ ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ನೆಲಕ್ಕೆ. ತಿವಾನೊ, ಬ್ರೇವಗಳ ಹಾಗೆ ಇಲ್ಲೂ ಎರಡು ಪಾಳಿ. ಬೆಳಿಗ್ಗೆ ಒಂಬತ್ತರ ಒಳಗೆ ನೀರು ಕನ್ನಡಿಯ ಹಾಗಿರುತ್ತದೆ, ಸಂಜೆ ಅದೇ ನೀರಿನ ಮೇಲೆ ಸಣ್ಣ ತೆರೆ ಓಡುತ್ತದೆ.

ಕಾಲ ಯಾವುದು? ನವೆಂಬರಿನಿಂದ ಫೆಬ್ರವರಿಯವರೆಗೆ ಎಲ್ಲಕ್ಕಿಂತ ಹಿತ. ಮಾರ್ಚಿನ ಮೇಲೆ ಸೆಕೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೀರಿಗೆ ಇಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಕಡಲನ್ನು ಬಲ್ಲವರೇ ದಡದಲ್ಲಿರುವಾಗ ನಮ್ಮದೇನು? ಮಳೆಯನ್ನು ನೋಡುತ್ತ ಜಗಲಿಯಲ್ಲಿ ಕೂರುವ ಆಸೆಯವರು ಮಾತ್ರ ಆ ತಿಂಗಳುಗಳಲ್ಲಿ ಬರಬಹುದು. ಅದೂ ಒಂದು ವಿಶ್ರಾಂತಿಯೇ.

ಮೂರು ದಿನದ ಲೆಕ್ಕ

ಬತೂತನ ಮೂರು ರಾತ್ರಿಯನ್ನೇ ಅಳತೆಯಾಗಿ ಇಟ್ಟುಕೊಳ್ಳೋಣ. ಬಸ್ಸಿನಲ್ಲಿ ಬರುವವರು ಸಾಸ್ತಾನ ಅಥವಾ ಬ್ರಹ್ಮಾವರದಲ್ಲಿ ಇಳಿಯಬಹುದು. ರೈಲಿನವರಿಗೆ ಕೊಂಕಣ ರೈಲ್ವೆಯ ಬಾರ್ಕೂರು ನಿಲ್ದಾಣ ಹತ್ತಿರ, ಆದರೆ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ, ಉಡುಪಿಯಲ್ಲಿ ಇಳಿಯುವುದು ಸುಲಭ. ತಂಗಲು ನದಿದಂಡೆಯ ಹೋಂಸ್ಟೇಗಳಿವೆ, ನೆಂಟರ ಮನೆಯಿದ್ದರೆ ಇನ್ನೂ ಲೇಸು. ಒಂದೇ ನಿಯಮ, ಮೂರು ರಾತ್ರಿಯೂ ಒಂದೇ ಕಡೆ.

ಮೊದಲ ದಿನ ಎಲ್ಲಿಗೂ ಹೋಗಬೇಡಿ. ಇದು ಹೇಳಲು ಸುಲಭ, ಪಾಲಿಸಲು ಕಷ್ಟ. ಸಂಜೆ ಹಂಗಾರಕಟ್ಟೆಯ ದಕ್ಕೆಯ ಕಡೆ ನಡೆದು ಹೋಗಿ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಗುರುತಿಸಲು ಯತ್ನಿಸಿ. ಕಟ್ಟಿದ ದೋಣಿಗಳ ಮೂತಿ ಯಾವ ಕಡೆಗಿದೆ ಎಂದು ನೋಡಿದರೆ ಗೊತ್ತಾಗುತ್ತದೆ. ಹಗ್ಗದಲ್ಲಿ ತೇಲುವ ದೋಣಿ ಹರಿವಿಗೆ ಇದಿರಾಗಿ ತಿರುಗುತ್ತದೆ. ದೊಡ್ಡವರಿಗೆ ತಿಳಿಯುವ ಮೊದಲೇ ಮಕ್ಕಳು ಇದನ್ನು ಹಿಡಿಯುತ್ತಾರೆ.

ಎರಡನೆಯ ದಿನ ನೀರಿನ ಮೇಲೆ. ಸಾಲಿಗ್ರಾಮದ ಪಾರಂಪಳ್ಳಿ ಕಡೆ ಕಾಂಡ್ಲಾ ವನದ ನಡುವೆ ಕಯಾಕ್ ಎಂಬ ಕಿರುದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗುವ ಏರ್ಪಾಡು ಇದೆ. ಬೆಳಿಗ್ಗೆ ಬೇಗ ಹೋಗಿ. ಭರತದ ಹೊತ್ತಾದರೆ ಗಿಡಗಳ ನಡುವಿನ ಕಾಲುವೆಗಳಲ್ಲಿ ದೋಣಿ ಸಲೀಸಾಗಿ ಸಾಗುತ್ತದೆ. ಮಿಂಚುಳ್ಳಿ, ಬೆಳ್ಳಕ್ಕಿ, ತಲೆಯ ಮೇಲೆ ಗರುಡ. ಮಾತು ಕಡಿಮೆಯಾದಷ್ಟೂ ಅವು ಹೆಚ್ಚು ಕಾಣುತ್ತವೆ. ಮಧ್ಯಾಹ್ನ ಕುಚಲಕ್ಕಿ ಅನ್ನ, ಮೀನು ತಿನ್ನುವವರಿಗೆ ಕಾಣೆ, ತಿನ್ನದವರಿಗೆ ಹುರುಳಿ ಸಾರು. ಅನಂತರ ನಿದ್ದೆ. ಸಂಜೆ ಹಂಗಾರಕಟ್ಟೆಯಿಂದ ಕೋಡಿಬೆಂಗ್ರೆಗೆ ಕಡವು ದಾಟಿ. ದೋಣಿ ಅಥವಾ ಬಾರ್ಜು ಆ ದಿನ ನಡೆಯುತ್ತಿದೆಯೇ, ಕೊನೆಯ ಸರದಿ ಎಷ್ಟಕ್ಕೆ ಎಂದು ಮೊದಲೇ ಕೇಳಿಕೊಳ್ಳಬೇಕು. ತಪ್ಪಿದರೆ ಕಲ್ಯಾಣಪುರ, ಬ್ರಹ್ಮಾವರ, ಮಾಬುಕಳ ಎಂದು ರಸ್ತೆಯಲ್ಲಿ ದೊಡ್ಡ ಸುತ್ತು. ಸಂಜೆಯ ಬೆಳಕಿನಲ್ಲಿ ಬೆಂಗ್ರೆಯ ಮೇಲೆ ನಿಂತರೆ ಎಡಬಲಗಳಲ್ಲಿ ಎರಡು ಬೇರೆ ನೀರು, ಎರಡು ಬೇರೆ ಸದ್ದು.

ಮೂರನೆಯ ದಿನ ಬಾರ್ಕೂರು. 365 ದೇವಸ್ಥಾನಗಳಿದ್ದವು ಎಂಬ ಪ್ರತೀತಿಯ ಊರು. ಅಷ್ಟನ್ನೂ ನೋಡಲು ಹೊರಡಬೇಡಿ. ಕತ್ತಲೆ ಬಸದಿ, ಕೋಟೆಕೇರಿಯ ಪಂಚಲಿಂಗೇಶ್ವರ, ಎರಡು ಸಾಕು. ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂಬ ಕೇರಿಗಳ ಹೆಸರು ಕೇಳುತ್ತ ನಡೆದರೆ ಗದ್ದೆ, ತೋಟಗಳ ಕೆಳಗೆ ಒಂದು ಪಟ್ಟಣ ಮಲಗಿದೆ ಎಂಬುದು ತಿಳಿಯುತ್ತದೆ. ಮಧ್ಯಾಹ್ನ ಓದಲು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಜೊತೆಗಿರಲಿ. 1902ರಲ್ಲಿ ಇಲ್ಲೇ ಹತ್ತಿರದ ಕೋಟದಲ್ಲಿ ಹುಟ್ಟಿದ ಕಾರಂತರು ಇದೇ ಕಡಲಂಚಿನ ಮೂರು ತಲೆಮಾರಿನ ಬದುಕನ್ನು ಅದರಲ್ಲಿ ಬರೆದಿದ್ದಾರೆ. ಊರು ಬಿಟ್ಟು ಹೋದವನು ಮರಳಿ ಬರುವ ಕತೆಯನ್ನು ಆ ಊರಿನ ಗಾಳಿಯಲ್ಲೇ ಕುಳಿತು ಓದುವ ಸುಖ ಬೇರೆ. ರಾತ್ರಿ ಎಲ್ಲಾದರೂ ಬಡಗುತಿಟ್ಟಿನ ಆಟವಿದ್ದರೆ ಹೋಗಿ. ನವೆಂಬರಿನಿಂದ ಮೇ ತಿಂಗಳವರೆಗೆ ಮೇಳಗಳ ತಿರುಗಾಟ. ಹಂಗಾರಕಟ್ಟೆಯ ಹೆಸರು ಹೊತ್ತ ಯಕ್ಷಗಾನ ಕಲಾಕೇಂದ್ರವೂ ಈ ಪರಿಸರದ್ದೇ. ಕಾಲಮಿತಿಯ ಆಟವಾದರೆ ಮಧ್ಯರಾತ್ರಿಯ ಆಸುಪಾಸಿಗೆ ಮುಗಿಯುತ್ತದೆ, ನಿದ್ದೆಗೆಡುವ ಭಯವಿಲ್ಲ.

ಮುರ್ಡೇಶ್ವರ ಎಲ್ಲಿ, ಕೊಲ್ಲೂರು ಎಲ್ಲಿ, ಮಲ್ಪೆಯ ದ್ವೀಪ ಎಲ್ಲಿ ಎಂದು ಕೇಳಬಹುದು. ಅವು ಇಲ್ಲ. ಯಾತ್ರೆಗೆ ಬೇರೆ ದಿನ ಇಡಿ, ನೆಂಟಸ್ತಿಕೆಗೆ ಬೇರೆ ದಿನ ಇಡಿ. ಯಾವುದನ್ನು ಬಿಡುತ್ತೇವೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುವುದೇ ವಿಶ್ರಾಂತಿಯ ಯೋಜನೆಯ ಕಷ್ಟದ ಭಾಗ.

ಎರಡು ಎಚ್ಚರ

ಒಂದು, ಅಳಿವೆಯ ಬಾಯಲ್ಲಿ ಈಜಬಾರದು. ನೋಡಲು ಮೊಣಕಾಲುದ್ದದ ನೀರು. ಆದರೆ ಇಳಿತದ ಹೊತ್ತಿನಲ್ಲಿ ಎರಡು ನದಿಗಳ ಹಿನ್ನೀರೆಲ್ಲ ಆ ಇಕ್ಕಟ್ಟಿನ ಬಾಯಿಂದಲೇ ಕಡಲಿಗೆ ನುಗ್ಗುತ್ತದೆ. ಹೊರಗಿನಿಂದ ತೆರೆ ಒಳನುಗ್ಗುತ್ತದೆ. ಎರಡೂ ಡಿಕ್ಕಿಯಾಗುವಲ್ಲಿ ತಳದ ಮರಳು ಜಾಗ ಬದಲಿಸುತ್ತಲೇ ಇರುತ್ತದೆ. ನಿನ್ನೆ ನಿಂತಿದ್ದ ದಿಬ್ಬ ಇಂದು ಹೊಂಡವಾಗಿರಬಹುದು. ನುರಿತ ಮೀನುಗಾರರೇ ಅಳಿವೆ ದಾಟುವಾಗ ಹೊತ್ತು ನೋಡುತ್ತಾರೆ. ದೋಣಿಯಲ್ಲಿ ಎಷ್ಟು ಹತ್ತಿರ ಹೋಗುವುದಿದ್ದರೂ ಜೀವರಕ್ಷಕ ಕವಚ ತೊಡಬೇಕು. ಬೇಡ ಎಂದು ಊರಿನವರು ಹೇಳಿದ ಕಡೆ ಬೇಡವೇ.

ಇನ್ನೊಂದು, ಇದು ನಮ್ಮ ವಿಶ್ರಾಂತಿಗಾಗಿ ಮಾಡಿಟ್ಟ ಜಾಗವಲ್ಲ. ದಕ್ಕೆಯಲ್ಲಿ ಬಲೆ ಹೆಣೆಯುವವರಿಗೆ, ದೋಣಿ ದುರಸ್ತಿ ಮಾಡುವವರಿಗೆ, ಮರುವಾಯಿ ಹೆಕ್ಕುವವರಿಗೆ ಇದು ಕೆಲಸದ ಅಂಗಳ. ಕಡವಿನ ದೋಣಿ ನಮಗೆ ವಿಹಾರ, ಶಾಲೆಗೆ ಹೋಗುವ ಮಗುವಿಗೆ, ಪೇಟೆಗೆ ಹೊರಟ ಅಮ್ಮನಿಗೆ ಅದು ದಾರಿ. ಅವರು ಮೊದಲು ಹತ್ತಲಿ. ಕೇಳದೆ ಫೋಟೋ ತೆಗೆಯುವುದು, ಒಣಹಾಕಿದ ಬಲೆಯ ಮೇಲೆ ನಡೆಯುವುದು, ಕಾಂಡ್ಲಾದ ಬೇರಿಗೆ ಪ್ಲಾಸ್ಟಿಕ್ ಸಿಕ್ಕಿಸಿ ಬರುವುದು ಅತಿಥಿಯ ಲಕ್ಷಣವಲ್ಲ. ಕೋಮೊ ದಂಡೆಯ ಊರುಗಳೂ ಪ್ರವಾಸಿಗರ ಗದ್ದಲದಿಂದ ಬೇಸತ್ತ ಕತೆಯನ್ನು ಇತ್ತೀಚೆಗೆ ಹೇಳುತ್ತಿವೆ. ಆ ಕತೆ ಇಲ್ಲಿಗೂ ಬರುವ ಮೊದಲೇ ನಾವು ನಡತೆ ಕಲಿಯುವುದು ಒಳ್ಳೆಯದು.

ಬಂದರಿನ ಹಕ್ಕು ಎಂದರೆ ಬರಿಯ ನಿಲ್ಲುವುದಲ್ಲ, ಕಾಣಿಕೆಯನ್ನೂ ಕೊಡುವುದು. ಊರಿನ ದೋಣಿಗೆ ಬಾಡಿಗೆ, ಊರಿನ ಅಂಗಡಿಯ ಚಹಾ, ಊರಿನ ಗದ್ದೆಯ ತರಕಾರಿ, ಆಟದ ಹರಿವಾಣಕ್ಕೆ ನಾಲ್ಕು ಕಾಸು, ಇವೇ ಇಂದಿನ ಕಾಣಿಕೆ.

ನಮ್ಮ ಹಿರಿಯರು ಆ ವರ್ಷ ದಶಂಬರದಲ್ಲಿ ಬಂದರು. ಮದುವೆಗೆ ಒಂದು ದಿನ, ಮಂದಾರ್ತಿಗೆ ಒಂದು ದಿನ ಬೇರೆ ಇಟ್ಟು, ಮೂರು ರಾತ್ರಿ ನದಿದಂಡೆಯಲ್ಲಿ ಉಳಿದರು. ಹೇಗಿತ್ತು ಎಂದು ಕೇಳಿದ್ದಕ್ಕೆ ಅವರು ಇಟಲಿಯ ಮಾತು ಎತ್ತಲಿಲ್ಲ. "ಇಷ್ಟು ವರ್ಷ ಈ ಸೇತುವೆ ಮೇಲೆ ಹೋದೆ, ಕೆಳಗೆ ನೀರು ಎರಡು ಕಡೆಗೂ ಹರಿಯುತ್ತದೆ ಅಂತ ಗೊತ್ತೇ ಇರಲಿಲ್ಲ ಮಾರಾಯ್ರೆ" ಎಂದರು. ಮುಂದಿನ ಸಲ ಮಾಬುಕಳ ದಾಟುವಾಗ ನೀವೂ ಕಾರಿನ ವೇಗ ತುಸು ತಗ್ಗಿಸಿ ಪಡುವಣಕ್ಕೆ ಒಮ್ಮೆ ನೋಡಿ.